ಎದೆ ನೋವೆಲ್ಲ ‘ವಾಯು’ ಅಲ್ಲ



ನಮ್ಮಕ್ಕನ ಮಗನಿಗೆ ಇಪ್ಪತ್ತು ವರ್ಷ. ಉದ್ದಕ್ಕೆ, ತೆಳ್ಳಗೆ ಬೆಳೆದ ಹುಡುಗ. ಒಂದು ದಿನ ಓದುತ್ತಾ ಕೂತವನು, “ಚಿಕ್ಕಮ್ಮಾ, ಬಲಗಡೆ ಎದೆ ಚುಚ್ತಿದೆ, ಉಸಿರು ಎಳೆಯೋಕಾಗ್ತಿಲ್ಲ” ಎಂದ. ವಾಯು ಇರಬೇಕೆಂದು ಓಮದ ಕಷಾಯ ಕೊಟ್ಟು ಮಲಗಿಸಿದೆ. ಸಂಜೆಯಾದರೂ ಇಳಿಯಲಿಲ್ಲ. ಎಕ್ಸ್‌ರೇ ತೆಗೆಸಿದರೆ ಬಲಗಡೆಯ ಶ್ವಾಸಕೋಶವೇ ಕುಸಿದಿತ್ತು!

ವಾಯುವೇ ನಿಜ, ಹೊಟ್ಟೆಯದಲ್ಲ ಅಷ್ಟೆ. ಕೆಲವರ ಶ್ವಾಸಕೋಶದ ಮೇಲ್ತುದಿಯಲ್ಲಿ ಸಣ್ಣ ಗುಳ್ಳೆಗಳಿರುತ್ತವಂತೆ. ಅವು ಒಡೆದರೆ ಗಾಳಿ ಸೋರಿ, ಎದೆಗೂಡಿನೊಳಗೆ ತುಂಬಿ ಶ್ವಾಸಕೋಶವನ್ನು ಅಮುಕುತ್ತದೆ. ಭಾರ ಎತ್ತಬೇಕೆಂದೇನಿಲ್ಲ, ಸುಮ್ಮನೆ ಕೂತಾಗಲೂ ಆಗುತ್ತದೆ. ತೆಳ್ಳಗೆ ಎತ್ತರವಿರುವ ಹುಡುಗರಲ್ಲಿ ಹೆಚ್ಚು. ಕೆಲವು ಮನೆತನಗಳಲ್ಲಿ ವಂಶದಿಂದಲೂ ಬರುತ್ತದೆ. ಬೀಡಿ, ಸಿಗರೇಟು ಸೇದಿದರೆ ಅಪಾಯ ಎಷ್ಟೋ ಪಟ್ಟು. ನಮ್ಮವನು ಸೇದುತ್ತಿದ್ದನೆಂಬುದು ಡಾಕ್ಟರು ಕೇಳಿದಾಗಲೇ ನಮಗೆ ಗೊತ್ತಾದದ್ದು!

ಹೆಂಗಸರಿಗೂ ಅಪರೂಪಕ್ಕೆ ಮುಟ್ಟಿನ ದಿನಗಳಲ್ಲಿ ಹೀಗಾಗುವುದುಂಟು. ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ.

ಸ್ವಲ್ಪ ಕುಸಿದಿದ್ದರೆ ಡಾಕ್ಟರ ನಿಗಾದಲ್ಲಿ ವಿಶ್ರಾಂತಿ ಸಾಕು. ಹೆಚ್ಚಾದರೆ ನಳಿಗೆ ಹಾಕಿ ಗಾಳಿ ತೆಗೆಯುತ್ತಾರೆ. ಒಮ್ಮೆ ಬಂದದ್ದು ಮರುಕಳಿಸಬಹುದು, ಎಚ್ಚರವಿರಲಿ.

ಹುಡುಗ ಈಗ ಚೆನ್ನಾಗಿದ್ದಾನೆ, ಸಿಗರೇಟೂ ಬಿಟ್ಟಿದ್ದಾನೆ. ಕಷಾಯ ಬೇಡವೆನ್ನುವುದಿಲ್ಲ. ಆದರೆ ಎದೆ ಚುಚ್ಚಿ ಉಸಿರು ಕಟ್ಟಿದರೆ ಒಲೆ ಹಚ್ಚಬೇಡಿ, ಆಸ್ಪತ್ರೆಗೆ ಹೊರಡಿ.