ಸಂಗ್ರಹದ ಸ್ವಾತಂತ್ರ್ಯ

ವ್ಯಾಪಾರದ ಗಣಕಯಂತ್ರಗಳ ವೇಗವನ್ನು ಹೊಗಳುವವರು ಅನೇಕರುಂಟು. ಲೆಕ್ಕಪತ್ರಗಳು ಅವುಗಳೊಳಗೆ ಎಲ್ಲಿ, ಹೇಗೆ ಇರುತ್ತವೆಂದು ವಿಚಾರಿಸುವವರು ವಿರಳ. ಈ ಎರಡನೆಯ ವಿಚಾರವೇ ಹೆಚ್ಚು ಮುಖ್ಯವಾದುದೆಂದು ನಮ್ಮ ಅಭಿಪ್ರಾಯ.

1988ರಲ್ಲಿ ಐ.ಬಿ.ಎಂ. ಸಂಸ್ಥೆಯು ಎಎಸ್/400 ಎಂಬ ಮಧ್ಯಮ ತರಗತಿಯ ಯಂತ್ರವನ್ನು ಹೊರತಂದಿತು. ಅದರ ಸಂತತಿಯೇ ಇಂದು ಪವರ್ ಯಂತ್ರಗಳಲ್ಲಿ ‘ಐ.ಬಿ.ಎಂ. ಐ’ ಎಂಬ ಹೆಸರಿನಿಂದ ನಡೆಯುತ್ತಿದೆ. ಇಲ್ಲಿ ಹಲವು ಡಿಸ್ಕುಗಳು ಕೂಡಿ ಒಂದು ಕಣಜದಂತಾಗುತ್ತವೆ. ಯಂತ್ರವು ಕಡತಗಳನ್ನು ಅವೆಲ್ಲವುಗಳ ಮೇಲೂ ಹರಡಿ ಇಡುತ್ತದೆ. ಇದರಿಂದ ಕೆಲಸವು ಚುರುಕಾಗುವುದೇನೋ ನಿಜ. ಆದರೆ ತಕ್ಕ ರಕ್ಷಣೆಯಿಲ್ಲದ ಒಂದೇ ಡಿಸ್ಕು ಕೆಟ್ಟರೂ ಆ ಕಣಜದ ಸಮಸ್ತವನ್ನೂ ಮತ್ತೆ ತುಂಬಬೇಕಾಗುತ್ತದೆ. ಆದುದರಿಂದಲೇ ಡಿಸ್ಕುಗಳನ್ನು ಬೇರೆ ಬೇರೆ ಸಂಗ್ರಹಗಳಾಗಿ ವಿಂಗಡಿಸುವ ಪದ್ಧತಿಯುಂಟು. 1ನೆಯದು ಯಂತ್ರದ ಸ್ವಂತದ್ದು; 2ರಿಂದ 32ರವರೆಗಿನವು ಅದಕ್ಕೆ ಅಂಟಿಕೊಂಡವು.

2001ರಲ್ಲಿ ‘ಸ್ವತಂತ್ರ ಸಂಗ್ರಹ’ಗಳು ಬಂದವು, ಮರುವರ್ಷ ಅವುಗಳಲ್ಲಿ ದತ್ತಾಂಶದ ಕೋಶಗಳನ್ನೂ ಇಡುವಂತಾಯಿತು. ಯಂತ್ರವು ನಡೆಯುತ್ತಿರುವಾಗಲೇ ಇವನ್ನು ಜೋಡಿಸಬಹುದು, ಕಳಚಬಹುದು. ಸರಿಯಾದ ಏರ್ಪಾಡಿದ್ದರೆ ಒಂದು ಯಂತ್ರವು ನಿಂತಾಗ ಇನ್ನೊಂದಕ್ಕೆ ಒಪ್ಪಿಸಬಹುದು. ಸಾವಿರಾರು ಜನರ ಸಂಬಳ, ಗ್ರಾಹಕರ ಲೆಕ್ಕ ನಿಲ್ಲದಿರಲು ಇದು ಉತ್ತಮವಾದ ಉಪಾಯ.

ಆದರೆ ಸ್ವಾತಂತ್ರ್ಯವೆಂಬ ಶಬ್ದಕ್ಕೆ ಮರುಳಾಗಬಾರದು. ಬಳಕೆದಾರರ ಹೆಸರು, ಗುಪ್ತಪದಗಳು 1ನೆಯ ಸಂಗ್ರಹದಲ್ಲಿಯೇ ಉಳಿಯುತ್ತವೆ. ಎರಡು ಯಂತ್ರಗಳಲ್ಲಿಯೂ ಅವನ್ನು ಸಮನಾಗಿರಿಸದಿದ್ದರೆ, ಕಣಜವು ಹೊಸ ಮನೆಗೆ ಬಂದರೂ ಬೀಗದ ಕೈ ಹಳೆಯ ಮನೆಯಲ್ಲಿಯೇ ಉಳಿದಂತಾಗುವುದು. ಅಂಟಿಕೊಂಡ ಸಂಗ್ರಹವು ತುಂಬಿದರೆ ಹೆಚ್ಚಾದುದು ಮೊದಲನೆಯದಕ್ಕೆ ಹರಿಯುವುದುಂಟು. ಸ್ವತಂತ್ರ ಸಂಗ್ರಹಕ್ಕೆ ಆ ಆಸರೆಯಿಲ್ಲ. ತನ್ನ ಜಾಗವನ್ನು ಮೊದಲೇ ಅಳೆದುಕೊಳ್ಳುವುದು ಅದರ ಪಾಲಿನ ಹೊಣೆ. ದೂರದ ಊರಿನಲ್ಲಿ ಅದರ ಪ್ರತಿಬಿಂಬವನ್ನು ಇರಿಸಿದರೂ ಚಿಂತೆಯು ತೀರುವುದಿಲ್ಲ: ಇಲ್ಲಿ ತಪ್ಪಿ ಅಳಿಸಿದ ಕಡತವು ಅಲ್ಲಿಯೂ ಅಳಿಯುತ್ತದೆ. ಪ್ರತಿಬಿಂಬ ಬೇರೆ, ಕಾಪಿಟ್ಟ ಪ್ರತಿ ಬೇರೆ.

ಪ್ರಯೋಗದಿಂದ ಪರೀಕ್ಷಿಸದ ಹೇಳಿಕೆಯನ್ನು ವಿಜ್ಞಾನವು ಒಪ್ಪುವುದಿಲ್ಲ. ಸಂಗ್ರಹವನ್ನು ಇನ್ನೊಂದು ಯಂತ್ರಕ್ಕೆ ಬದಲಿಸಿ, ಅಲ್ಲಿ ಒಂದು ದಿನವಾದರೂ ಕೆಲಸ ನಡೆಸಿ ನೋಡದ ಸಂಸ್ಥೆಗೆ ಸ್ವತಂತ್ರ ಸಂಗ್ರಹವು ಇದ್ದೂ ಇಲ್ಲದಂತೆ. ನಾಳೆ ಇಂಥ ಯಂತ್ರಗಳ ಹೊಣೆ ಹೊರಲಿರುವ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ಆಪತ್ತಿನ ದಿನಕ್ಕೆ ಬಿಡದೆ, ನೆಮ್ಮದಿಯ ದಿನದಲ್ಲಿಯೇ ಮಾಡಿ ಮುಗಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು.