ಮರಳಿ ಬಂದರೆ ಪಾಡಿಯೇ ಇಲ್ಲ



2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಜರಿದು ಬಂತು. ಶಿಬಿರದಿಂದ ಮರಳಿ ಬಂದವರಿಗೆ ಮನೆಯಿದ್ದ ಜಾಗದ ಗುರುತೇ ಹತ್ತಲಿಲ್ಲ. ಬೀದಿಯಿಲ್ಲ, ಪಾಡಿಯಿಲ್ಲ, ಬಂಡೆ, ಕೆಸರು ಮಾತ್ರ. 2019ರ ಆಗಸ್ಟ್ 8ರಂದು ಹತ್ತಿರದ ಪುತ್ತುಮಲವೂ ಹೀಗೆಯೇ ಹೋಗಿತ್ತು. ಗುರುತು ಸಿಗದ ಹೆಣಗಳನ್ನು 2024ರಲ್ಲಿ ಹೂಳಿದ್ದು ಅದೇ ಪುತ್ತುಮಲದ ಮಣ್ಣಿನಲ್ಲಿ.

ಮಳೆಯನ್ನು ತಡೆಯಲು ನಮ್ಮಿಂದಾಗದು. ಆದರೆ ಒಂದು ಮಾತು ಕೇಳಲೇಬೇಕು. ಪಾಡಿ ಕೊಚ್ಚಿಹೋದರೆ ಅಲ್ಲಿದ್ದ ಕೂಲಿಯವರ ಕೈಯಲ್ಲಿ ಉಳಿಯುವುದೇನು? 1951ರ ತೋಟ ಕಾರ್ಮಿಕರ ಕಾಯಿದೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಮನೆಯನ್ನು ನಮ್ಮ ಹೆಸರಿಗೆ ಬರೆಯಲಿಲ್ಲ. ಕೆಲಸವಿರುವ ತನಕ ಸೂರು, ಕೆಲಸ ಮುಗಿದರೆ ಗಂಟುಮೂಟೆ. ಮೂರು ತಲೆಮಾರು ಎಲೆ ಕಿತ್ತ ಎಷ್ಟೋ ಕುಟುಂಬಗಳಿಗೆ ಒಂದು ಸೆಂಟು ಸ್ವಂತ ನೆಲವಿಲ್ಲ.

2025ರ ಮಾರ್ಚ್ 27ರಂದು ಕಲ್ಪೆಟ್ಟದ ತೋಟವೊಂದರಲ್ಲಿ ಸಂತ್ರಸ್ತರ ಬಡಾವಣೆಗೆ ಶಂಕುಸ್ಥಾಪನೆಯಾಯಿತು. ಕುಟುಂಬಕ್ಕೆ 7 ಸೆಂಟು ಜಾಗ. ಒಳ್ಳೆಯದೇ. ಆದರೆ ಕೂಲಿಯವರಿಗೆ ನೆಲ ಸಿಗಲು ಗುಡ್ಡವೇ ಕುಸಿಯಬೇಕೆ? ವಯನಾಡಾಗಲಿ, ನೀಲಗಿರಿಯಾಗಲಿ, ನಮ್ಮ ಮುಂದಿನ ಬೇಡಿಕೆ ಪಟ್ಟಿಯಲ್ಲಿ ಕೂಲಿ, ಬೋನಸ್ಸಿನ ಪಕ್ಕದಲ್ಲೇ ಪಟ್ಟಾ ಎಂಬ ಮಾತೂ ಇರಲಿ.