ಮನೆಗೆಲಸ ವ್ಯಾಯಾಮವಲ್ಲ

"ನಿನಗ್ಯಾಕೆ ವಾಕಿಂಗು? ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲೇ ಸುತ್ತುತ್ತಿರುತ್ತೀಯಲ್ಲ!" ಈ ಮಾತು ಕೇಳದ ಗೃಹಿಣಿ ನಮ್ಮ ಊರುಗಳಲ್ಲಿ ಅಪರೂಪ. ಮೆಚ್ಚುಗೆಯಂತೆ ಕೇಳಿಸುವ ಈ ಮಾತಿನ ಮೇಲೆ ನನಗೆ ತುಂಬ ದಿನದ ಸಿಟ್ಟಿದೆ. ಗಾಣದೆತ್ತು ದಿನವಿಡೀ ಸುತ್ತುತ್ತದೆ. ಅದು ವಾಯುವಿಹಾರಕ್ಕೆ ಹೋಗಿಬಂತೆಂದು ಯಾರಾದರೂ ಹೇಳುತ್ತಾರೆಯೇ?

2019ರಲ್ಲಿ ಕೇಂದ್ರ ಸರ್ಕಾರ ಜನರ ಸಮಯದ ಲೆಕ್ಕ ತೆಗೆಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಗಂಡಸು 97 ನಿಮಿಷ. ಗುಡಿಸಿ ಒರೆಸಿ ಮೈ ದಣಿಯುವುದೇ ಮನಸ್ಸಿಗೂ ಮದ್ದಾಗಿದ್ದರೆ, ಖಿನ್ನತೆ ನಮ್ಮ ಹತ್ತಿರ ಸುಳಿಯಬಾರದಿತ್ತು. ಅದಕ್ಕೆ ಕಾರಣಗಳು ಹಲವು, ನಿಜ. ಆದರೆ ಜಗತ್ತಿನೆಲ್ಲೆಡೆ ಅದು ಗಂಡಸರಿಗಿಂತ ಹೆಚ್ಚಾಗಿ ಕಾಡುವುದು ಹೆಂಗಸರನ್ನೇ.

ನಾರ್ವೆಯಲ್ಲಿ ಆರೋಗ್ಯವಾಗಿದ್ದ 33,908 ಮಂದಿಯನ್ನು ಆರಿಸಿಕೊಂಡು 11 ವರ್ಷಗಳ ನಂತರ ಅವರ ಸ್ಥಿತಿ ಹೇಗಿದೆಯೆಂದು ನೋಡಿದ ಅಧ್ಯಯನವೊಂದು 2018ರಲ್ಲಿ ಅಚ್ಚಾಯಿತು. ಎಲ್ಲರೂ ವಾರಕ್ಕೆ ಒಂದೇ ಗಂಟೆ ವ್ಯಾಯಾಮ ಮಾಡಿದ್ದರೂ ಖಿನ್ನತೆಯ ಪ್ರಕರಣಗಳಲ್ಲಿ ಶೇ. 12ರಷ್ಟನ್ನು ತಡೆಯಬಹುದಿತ್ತು ಎಂಬುದು ಅವರ ಅಂದಾಜು. ಏದುಸಿರು ಬಿಡಬೇಕೆಂದೇನೂ ಇರಲಿಲ್ಲ. ಆದರೆ ಅವರು ಕೇಳಿದ್ದು ಬಿಡುವಿನ ವೇಳೆಯ ನಡಿಗೆ, ಈಜು, ಆಟಗಳ ಬಗ್ಗೆ, ಪಾತ್ರೆ ತಿಕ್ಕುವುದರ ಬಗ್ಗೆ ಅಲ್ಲ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗಲೂ ಬಿಡುವಿನ ಚಟುವಟಿಕೆಗೂ ಮನಸ್ಸಿನ ಆರೋಗ್ಯಕ್ಕೂ ನಂಟು ಕಂಡಿತು. ಮನೆಗೆಲಸಕ್ಕೆ ಅಂಥ ನಂಟು ಕಾಣಲಿಲ್ಲ.

ಇದರಲ್ಲಿ ಆಶ್ಚರ್ಯವೇನಿದೆ? ಅಡುಗೆಮನೆಯಲ್ಲಿ ಕೈಕಾಲು ಆಡುತ್ತಿದ್ದರೂ ಮನಸ್ಸು ಕುಕ್ಕರಿನ ಕೂಗಿಗೆ, ನಲ್ಲಿಯ ನೀರಿಗೆ, ಮಗುವಿನ ಟಿಫಿನ್ ಡಬ್ಬಿಗೆ ಕಟ್ಟಿಬಿದ್ದಿರುತ್ತದೆ. ಬೀದಿಗಿಳಿದು ನಡೆಯುವ ಅರ್ಧ ಗಂಟೆ ಮಾತ್ರ ನಮ್ಮದು. ಬಿಸಿಲು, ಗಾಳಿ, ಎದುರಾದ ಗೆಳತಿಯೊಡನೆ ಎರಡು ಮಾತು, ಎಲ್ಲವೂ ನಮ್ಮದೇ.

ಒಂದು ಎಚ್ಚರಿಕೆ: ಖಿನ್ನತೆಯಲ್ಲಿ ಆಗಲೇ ಮುಳುಗಿದವಳಿಗೆ "ಎದ್ದು ನಾಲ್ಕು ಹೆಜ್ಜೆ ನಡಿ, ಸರಿಹೋಗುತ್ತೆ" ಎನ್ನುವುದು ನಿರ್ದಯ. ಅವಳನ್ನು ವೈದ್ಯರ ಬಳಿ ಕರೆದೊಯ್ಯಿರಿ.

ಉಳಿದ ನಮಗೆ ಜಿಮ್ಮೂ ಬೇಡ, ದುಬಾರಿ ಶೂಗಳೂ ಬೇಡ. ಪುರಸಭೆ ಬೀದಿದೀಪ ಉರಿಸಲಿ, ನಡೆಯಲು ನೆಟ್ಟಗಿನ ಫುಟ್‌ಪಾತ್ ಕೊಡಲಿ. ಮನೆಯವರು ಆ ಹೊತ್ತಿಗೆ ಕಾಫಿ ತಾವೇ ಮಾಡಿಕೊಳ್ಳಲಿ. ನಾವೂ ಅಷ್ಟೆ, ಹೊಸ್ತಿಲ ಬಳಿ ನಿಂತು "ಹೋಗಲಾ?" ಎಂದು ಕೇಳುವುದನ್ನು ಬಿಟ್ಟು, "ಹೋಗಿ ಬರ್ತೀನಿ" ಎನ್ನುವುದನ್ನು ಕಲಿಯೋಣ.